ಮೌತ್ ಕಾಲ್ ಬಾಯಿಗಿಟ್ಟರೆ ವಾಕರಿಕೆ: ಏನು ಮಾಡಬೇಕು?

ಪ್ರಶ್ನೆ: ನಾನು ಮೂಲತಃ ಹಾಸನ ಜಿಲ್ಲೆಯವನು. ಕೆಲಸದ ನಿಮಿತ್ತ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ಗೆಳೆಯರ ಜೊತೆ ಸೆಪ್ಟೆಂಬರ್‌ನಲ್ಲಿ ಬಿಲ್ಲು ಹಿಡಿದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ, ಮುಂದಿನ ವಸಂತದಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೋಗುವ ಯೋಜನೆಯಿದೆ. ಅದಕ್ಕೆಂದು, ಪ್ರಾಣಿಯ ದನಿಯನ್ನು ಅನುಕರಿಸಿ ಅದನ್ನು ಹತ್ತಿರಕ್ಕೆ ಕರೆಯಲು ಅಂಗುಳಕ್ಕೆ ಇಟ್ಟುಕೊಂಡು ಊದುವ ಮೌತ್ ಕಾಲ್, ಅಂದರೆ ಡಯಾಫ್ರಮ್ ಕಾಲ್‌ಗಳ ಮೂರರ ಕಟ್ಟೊಂದನ್ನು ಕೊಂಡೆ. ಯಾವುದನ್ನು ಬಾಯಿಗಿಟ್ಟರೂ ವಾಕರಿಕೆ ಬರುತ್ತದೆ, ಬಾಯಿ ತುಂಬ ಎಂಜಲು, ಊದಿದರೆ ಅಂಗುಳದಲ್ಲಿ ತಡೆಯಲಾರದ ಕಚಗುಳಿ. ಒಮ್ಮೆ ತುಟಿಯ ಒಳಭಾಗ ಸ್ವಲ್ಪ ತುರಿಸಿತು. ಬಾಳೆಹಣ್ಣು ತಿಂದಾಗಲೂ ಕೆಲವೊಮ್ಮೆ ಹಾಗಾಗುತ್ತದೆ. ಚಿಕ್ಕಂದಿನಲ್ಲಿ ಹಲ್ಲಿಗೆ ತಂತಿ ಹಾಕಿಸಲು ನಾಲ್ಕು ಹಲ್ಲು ಕೀಳಿಸಿದ್ದರು. ಒಬ್ಬ ಗೆಳೆಯ ಕಾರು ಓಡಿಸುವಾಗ ಬಾಯಲ್ಲಿಟ್ಟುಕೊಂಡರೆ ಅಭ್ಯಾಸವಾಗುತ್ತದೆ ಎನ್ನುತ್ತಾನೆ, ಇನ್ನೊಬ್ಬ ಅಂಗುಳ ಮರಗಟ್ಟಿಸುವ ಸ್ಪ್ರೇ ಹೊಡೆದುಕೋ ಎನ್ನುತ್ತಾನೆ, ಮೂರನೆಯವನು ನಮ್ಮವರ ಬಾಯಿ ಚಿಕ್ಕದು, ಇದು ನಮಗಲ್ಲ ಎಂದು ನಗುತ್ತಾನೆ. ನನ್ನ ಬಾಯಿಗೆ ಹೊಂದುವ ಮೌತ್ ಕಾಲ್ ಇದೆಯೇ? ಇದ್ದರೆ ಆರಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ವಾಕರಿಕೆ ಮತ್ತು ಕಚಗುಳಿ ಅಳತೆಗೂ ಅಭ್ಯಾಸಕ್ಕೂ ಸಂಬಂಧಿಸಿದವು, ಅವುಗಳಿಗೆ ದಾರಿಯಿದೆ. ತುಟಿಯ ತುರಿಕೆ ಆ ಜಾತಿಗೆ ಸೇರಿದ್ದಲ್ಲ. ಅದರ ಕಾರಣ ತಿಳಿಯುವವರೆಗೆ ಈಗಿರುವ ಕಾಲ್‌ಗಳನ್ನು ಮತ್ತೆ ಬಾಯಿಗಿಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ವಿವರಕ್ಕೆ ಮುಂದೆ ಬರುತ್ತೇನೆ. ಕೆಳಗೆ ಹೇಳುವ ಅಭ್ಯಾಸಗಳೂ ಆ ಕಾರಣ ತಿಳಿದ ಮೇಲೆಯೇ. ನಾನು ದಂತವೈದ್ಯ, ಹಲ್ಲಿನ ಸೆಟ್ಟು ಕೂರಿಸುವುದು ನನ್ನ ಮುಖ್ಯ ಕೆಲಸ. ಅಂಗುಳಕ್ಕೆ ಏನನ್ನಾದರೂ ತಾಗಿಸಿದ ಕೂಡಲೇ ವಾಕರಿಸುವವರನ್ನು ನೋಡದ ವಾರವಿಲ್ಲ. ಸೆಪ್ಟೆಂಬರ್ ಬಂದರೆ ನಾನೂ ಬಿಲ್ಲು ಎತ್ತಿಕೊಂಡು ಬೆಟ್ಟ ಹತ್ತುವವನಾದ್ದರಿಂದ ನಿಮ್ಮ ಪ್ರಶ್ನೆ ನನಗೆ ಎರಡು ಕಡೆಯಿಂದಲೂ ಪರಿಚಿತ.

ಈ ಉಪಕರಣದಲ್ಲಿ ಇರುವುದು ಇಷ್ಟೆ: ಕುದುರೆ ಲಾಳದ ಆಕಾರದ ತೆಳು ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ ಬಿಗಿದ ಒಂದೋ ಎರಡೋ ಮೂರೋ ಲೇಟೆಕ್ಸ್ ರೀಡ್ (ಕಂಪಿಸಿ ದನಿ ಕೊಡುವ ತೆಳು ರಬ್ಬರ್ ಪೊರೆ), ಸುತ್ತಲೂ ಅಂಚಿನಂತೆ ಚಾಚಿಕೊಂಡ ಟೇಪು. ಲಾಳದ ತೆರೆದ ಬದಿ ಮುಂದಕ್ಕೆ, ಬಾಗಿದ ಬದಿ ಗಂಟಲ ಕಡೆಗೆ ಇರಬೇಕು. ಟೇಪು ಅಂಗುಳಕ್ಕೆ ಅಂಟಿ ಗಾಳಿ ಸೋರದಂತೆ ತಡೆಯುತ್ತದೆ, ನಾಲಿಗೆ ಕೆಳಗಿನಿಂದ ರೀಡನ್ನು ಒತ್ತುತ್ತದೆ, ಇವೆರಡರ ನಡುವಿನ ಸಂದಿನಲ್ಲಿ ನುಗ್ಗುವ ಉಸಿರು ರೀಡನ್ನು ಕಂಪಿಸುತ್ತದೆ. ನಾವು ಹುಡುಗರಾಗಿದ್ದಾಗ ಎಲೆಯನ್ನು ಸುರುಳಿ ಸುತ್ತಿ ಊದುತ್ತಿದ್ದ ಪೀಪಿಯ ಹಾಗೆಯೇ ಇದೂ. ಬಾಯಿಯ ಹೊರಗಿರಬೇಕಾದದ್ದು ಒಳಗಿದೆ ಎಂಬುದೊಂದೇ ಕಷ್ಟ. ಎರಡೂ ಕೈಗಳು ಬಿಲ್ಲಿಗೋ ಬಂದೂಕಿಗೋ ಬೇಕಾದಾಗ ಆ ಕಷ್ಟವೇ ಅನುಕೂಲವಾಗುತ್ತದೆಯಾದ್ದರಿಂದ ಬೇಟೆಗಾರರು ಇದನ್ನು ಬಿಡುವುದಿಲ್ಲ.

ಈಗ ವಾಕರಿಕೆ. ಕನ್ನಡಿಯ ಮುಂದೆ ಬಾಯಿ ತೆರೆದು "ಆ" ಎನ್ನಿ. ಅಂಗುಳದ ಹಿಂಭಾಗ ಮೇಲಕ್ಕೇರುವುದು ಕಾಣುತ್ತದೆ. ಏರುವ ಭಾಗ ಮೃದು ಅಂಗುಳ, ಅಲುಗದೆ ಉಳಿಯುವ ಮುಂಭಾಗ ಗಟ್ಟಿ ಅಂಗುಳ. ಮೇಲಿನ ಹಲ್ಲುಸೆಟ್ಟಿನ ಹಿಂದಿನ ಅಂಚು ಎಲ್ಲಿ ನಿಲ್ಲಬೇಕೆಂಬುದನ್ನು ನಾವು ಗುರುತಿಸುವುದೂ ಹೀಗೆಯೇ. ಮೃದು ಅಂಗುಳ, ಕಿರುನಾಲಿಗೆಯ ಅಕ್ಕಪಕ್ಕದ ಮಡಿಕೆಗಳು, ನಾಲಿಗೆಯ ಬುಡ, ಗಂಟಲ ಹಿಂಗೋಡೆ, ಇವು ವಾಕರಿಕೆಯನ್ನು ಹೊತ್ತಿಸುವ ಜಾಗಗಳು. ಉಸಿರುನಾಳಕ್ಕೆ ಏನೂ ಜಾರದಿರಲೆಂದು ದೇಹ ಇಟ್ಟುಕೊಂಡಿರುವ ಕಾವಲು ಅದು. ಮೌತ್ ಕಾಲ್ ಪೂರ್ತಿಯಾಗಿ ಗಟ್ಟಿ ಅಂಗುಳದ ಮೇಲೆ ಕೂರಬೇಕಾದ ವಸ್ತು. ಅದು ನಿಮಗೆ ವಾಕರಿಕೆ ತರುತ್ತಿದೆಯೆಂದರೆ ಹೆಚ್ಚಿನಂಶ ಅದರ ಹಿಂದಿನ ಟೇಪು ಆ ಗಡಿಯನ್ನು ದಾಟಿದೆ, ಇಲ್ಲವೇ ನೀವು ನಾಲಿಗೆಯಿಂದ ಜೋರಾಗಿ ಒತ್ತಿ ಅದನ್ನು ಹಿಂದಕ್ಕೆ ನೂಕುತ್ತಿದ್ದೀರಿ.

ಕನ್ನಡ ಮಾತನಾಡುವವರಿಗೆ ಇಲ್ಲಿ ಒಂದು ಸುಲಭದ ದಾರಿಯಿದೆ. ವರ್ಣಮಾಲೆಯ ವರ್ಗಗಳು ಬಾಯೊಳಗಿನ ಜಾಗಗಳ ಕ್ರಮದಲ್ಲೇ ಇವೆಯಲ್ಲ: "ತ" ಎನ್ನುವಾಗ ನಾಲಿಗೆ ಹಲ್ಲಿನ ಹಿಂಬದಿಗೆ ತಾಗುತ್ತದೆ, "ಕ" ಎನ್ನುವಾಗ ನಾಲಿಗೆಯ ಹಿಂಭಾಗ ಮೃದು ಅಂಗುಳಕ್ಕೆ ಏರುತ್ತದೆ, "ಚ" ಮತ್ತು "ಶ" ಹುಟ್ಟುವುದು ಇವೆರಡರ ನಡುವೆ. ಮೌತ್ ಕಾಲ್‌ನ ಜಾಗ ಈ ನಡುವಿನದು. ಅದನ್ನಿಟ್ಟುಕೊಂಡು ಮೆಲ್ಲಗೆ "ಶ್" ಎಂದು ಉಸಿರು ಬಿಟ್ಟರೆ ನಾಲಿಗೆ ಸರಿಯಾದ ಎತ್ತರಕ್ಕೆ ತಾನಾಗಿ ಬರುತ್ತದೆ. ಟರ್ಕಿ ಹೆಣ್ಣಿನ ಕೂಗಿಗೆ ಆ "ಶ್" ಅನ್ನು "ಚಾ" ಎಂದು ದವಡೆ ಇಳಿಸುತ್ತಾ ಮುಗಿಸಬೇಕು. ಎತ್ತರದ ಸ್ವರವೊಂದು ಒಡೆದು ಕರ್ಕಶವಾಗಿ ಇಳಿಯುವುದೇ ಅದರ ಗುರುತು. ಹೆಣ್ಣು ಎಲ್ಕ್‌ನ ಕರೆಗೆ "ಈ" ಎಂದು ಏರಿ "ಯೂ" ಎಂದು ಜಾರಿದರೆ ಸಾಕು. ಕನ್ನಡಕದ ಗಾಜಿಗೆ ಹಬೆ ಹಾಯಿಸುವಾಗ ಹೊಟ್ಟೆಯಿಂದ ಬಿಸಿಯುಸಿರು ಬರುತ್ತದೆಯಲ್ಲ, ಬೇಕಾದದ್ದು ಅದು. ಕೆನ್ನೆ ಉಬ್ಬಿಸಿ ಊದಿದರೆ ಸ್ವರವೂ ಬಾರದು, ಕಾಲ್ ಕೂಡ ನಿಂತಲ್ಲಿ ನಿಲ್ಲದು. ಇಷ್ಟೆಲ್ಲ ಮಾಡುವಾಗ ನಾಲಿಗೆಯ ಬುಡ "ಕ"ದ ಜಾಗಕ್ಕೆ ಏರಿದ ಕ್ಷಣ ವಾಕರಿಕೆ ಶುರುವಾಗುವುದನ್ನು ನೀವೇ ಗಮನಿಸಬಹುದು.

ನಿಮ್ಮ ಗೆಳೆಯರ ಮಾತುಗಳಲ್ಲಿ ಮೂರನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಅಂಗುಳದ ಅಗಲ ಒಬ್ಬೊಬ್ಬರದು ಒಂದೊಂದು ತರಹ. ಆದರೆ ಅದಕ್ಕೂ ಊರಿಗೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಆರಡಿ ಎತ್ತರದ ಅಮೆರಿಕನ್ನರ ಬಾಯಿಗೂ ಹಲ್ಲಿನ ಅಚ್ಚು ತೆಗೆಯುವ ಅತಿ ಚಿಕ್ಕ ಟ್ರೇ ಹುಡುಕಿದ್ದೇನೆ, ಗಿಡ್ಡ ಆಳುಗಳಿಗೆ ದೊಡ್ಡದನ್ನೇ ಇಟ್ಟಿದ್ದೇನೆ. ತಂತಿ ಹಾಕಿಸಲು ಹಲ್ಲು ಕೀಳಿಸಿದ ಮಾತ್ರಕ್ಕೆ ನಿಮ್ಮ ಅಂಗುಳ ಕಿರಿದಾಗಿದೆ ಎಂದೂ ತೀರ್ಮಾನಿಸಲಾಗದು; ಅಳೆದೇ ನೋಡಬೇಕು. ಅಂಗುಳದ ಕಡೆಯಿಂದ, ಎರಡೂ ಬದಿಯ ಮೊದಲ ದವಡೆಹಲ್ಲುಗಳ ಒಸಡಿನಂಚಿನ ನಡುವಿನ ಅಂತರ ವಯಸ್ಕರಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್. ಕೆಳಗಿನ ಕೊನೆಗೆ ಹತ್ತಿರವಿರುವವರಿಗೆ ಮಾಮೂಲಿ ಅಳತೆಯ ಕಾಲ್‌ನ ಟೇಪು ಹಲ್ಲಿನ ಮೇಲೇರಿ ಮಡಚಿಕೊಳ್ಳುತ್ತದೆ, ಚೌಕಟ್ಟು ಅಂಗುಳಕ್ಕೆ ಅಂಟದೆ ಅರ್ಧ ತೇಲುತ್ತದೆ. ತೇಲುವ ಚೌಕಟ್ಟಿನ ಅಂಚು ಅದುರುವುದರಿಂದಲೇ ಕಚಗುಳಿ ಹೆಚ್ಚುವುದು. ಅಂಗುಳಕ್ಕೆ ಸ್ಪರ್ಶಜ್ಞಾನ ಬಹಳ. ಚೆನ್ನಾಗಿ ಅಂಟಿ ಕೂತರೆ ಅದೇ ಕಂಪನವನ್ನು ಕೆಲವು ದಿನಗಳಲ್ಲಿ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಎಂಜಲೂ ಹಾಗೆಯೇ. ಹೊಸ ವಸ್ತು ಬಾಯಿಗೆ ಬಂದರೆ ಅದನ್ನು ಊಟವೆಂದು ತಿಳಿದು ಜೊಲ್ಲು ಸುರಿಯುತ್ತದೆ, ಹೊಸದಾಗಿ ಹಲ್ಲುಸೆಟ್ಟು ಹಾಕಿಸಿಕೊಂಡವರ ಮೊದಲ ದೂರೂ ಅದೇ.

ಅಳೆಯಲು ದಂತವೈದ್ಯರ ಬಳಿಗೇ ಹೋಗಬೇಕೆಂದಿಲ್ಲ. ಕೈ ತೊಳೆದುಕೊಂಡು, ಊಟವಾಗಿ ಎರಡು ಗಂಟೆಯಾದರೂ ಕಳೆದ ಮೇಲೆ, ಹತ್ತಿಯ ಕಡ್ಡಿಯೊಂದನ್ನು ಅಂಗುಳದ ನಡುಗೆರೆಯಲ್ಲಿ ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಜಾರಿಸಿ. ವಾಕರಿಕೆಯ ಮುನ್ಸೂಚನೆ ಬಂದಲ್ಲಿ ನಿಲ್ಲಿಸಿ, ಮುಂದಿನ ಹಲ್ಲಿನ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಬೆರಳುಗುರು ಒತ್ತಿ ಗುರುತು ಮಾಡಿ ಹೊರತೆಗೆಯಿರಿ. ಆ ಉದ್ದಕ್ಕೆ ನಿಮ್ಮ ಕಾಲ್ ಅನ್ನು ಹಿಡಿದು ನೋಡಿದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಕಾಲ್ ಮುಂದಿನ ಹಲ್ಲುಗಳಿಂದ ತುಸು ಹಿಂದಕ್ಕೆ ಇರಬೇಕು, ಅದರ ಬಾಲ ನಿಮ್ಮ ಗುರುತಿಗಿಂತ ಮುಂದೆ ಮುಗಿಯಬೇಕು. ಜೊತೆಗೆ ಬೆರಳಿನಿಂದ ಅಂಗುಳದ ನಡುವನ್ನು ಸವರಿ ನೋಡಿ. ಕೆಲವರಿಗೆ ಅಲ್ಲಿ ಗಟ್ಟಿಯಾದ ಮೂಳೆಯ ಉಬ್ಬು ಇರುತ್ತದೆ. ಅದು ರೋಗವಲ್ಲ, ಚಿಕಿತ್ಸೆಯೂ ಬೇಡ, ಆದರೆ ಅದರ ಮೇಲಿನ ಚರ್ಮ ತೆಳುವಾದ್ದರಿಂದ ಲೋಹದ ಚೌಕಟ್ಟು ಉಜ್ಜಿ ಹುಣ್ಣಾಗುವುದು ಸುಲಭ. ಅಂಥವರು ಈ ಉಪಕರಣದ ಆಸೆ ಬಿಡುವುದೇ ಮೇಲು ಎಂದು ನಾನು ಹೇಳುತ್ತೇನೆ.

ಅಳತೆ ಗೊತ್ತಾದ ಮೇಲೆ ಆಯ್ಕೆ. ಅಂಗಡಿಯಲ್ಲಿ ಎಲ್ಲರೂ ಸ್ವರವನ್ನು ಮೊದಲು ನೋಡುತ್ತಾರೆ. ಪೊಟ್ಟಣದ ಮೇಲೂ ಅದನ್ನೇ ದೊಡ್ಡದಾಗಿ ಬರೆದಿರುತ್ತಾರೆ. ನನ್ನ ಸಲಹೆ ಅದಕ್ಕೆ ತಿರುಗಾಮುರುಗಾ: ಮೊದಲು ಚೌಕಟ್ಟು, ಆಮೇಲೆ ರೀಡ್, ಸ್ವರ ಕೊನೆಗೆ. ಚಿಕ್ಕ ಚೌಕಟ್ಟಿನವು, ಮಕ್ಕಳಿಗೆಂದು ಮಾರುವ ಯೂತ್ ಅಳತೆಯವು ಸಿಗುತ್ತವೆ. ಆ ಹೆಸರು ನೋಡಿ ಸಂಕೋಚಪಡುವ ದೊಡ್ಡವರು ಸುಮ್ಮನೆ ಕಷ್ಟಪಡುತ್ತಾರೆ. ಮಾಮೂಲಿ ಅಳತೆಯದನ್ನೇ ಹೊಂದಿಸಿಕೊಳ್ಳುವುದಾದರೆ ಹೊರಗಿನ ಟೇಪನ್ನು ಚಿಕ್ಕ ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸಿ, ಬಾಯಿಗಿಟ್ಟು ನೋಡಿ, ಮತ್ತೆ ಕತ್ತರಿಸಬೇಕು. ಎರಡೂ ಬದಿ ಸಮನಾಗಿರಲಿ, ಮೂಲೆಗಳು ದುಂಡಗಿರಲಿ, ಲೋಹದ ಸುತ್ತ ಸಾಕಷ್ಟು ಟೇಪು ಉಳಿಯಲಿ. ಅತಿಯಾಗಿ ಕತ್ತರಿಸಿದರೆ ಗಾಳಿ ಸೋರುತ್ತದೆ, ಲೋಹದ ಅಂಚು ಹೊರಬಂದರೆ ಬಾಯಿ ಕುಯ್ಯುತ್ತದೆ. ಅಂಗುಳ ಕಮಾನಿನಂತೆ ಎತ್ತರವಿರುವವರು ಅಲ್ಯೂಮಿನಿಯಂ ಚೌಕಟ್ಟಿನ ಎರಡೂ ತೋಳುಗಳನ್ನು ಬೆರಳಿನಿಂದ ತುಸುವೇ ಕೆಳಕ್ಕೆ ಬಾಗಿಸಿ ಅಂಗುಳದ ಆಕಾರಕ್ಕೆ ತರಬಹುದು. ಒಮ್ಮೆ ಬಾಗಿಸಿ ಬಿಟ್ಟುಬಿಡಿ. ಮತ್ತೆ ಮತ್ತೆ ಅತ್ತಿತ್ತ ಬಾಗಿಸಿದರೆ ರೀಡಿನ ಬಿಗಿ ಕೆಡುತ್ತದೆ, ಲೋಹ ದಣಿದು ಮುರಿಯಲೂಬಹುದು.

ಎಲ್ಕ್‌ಗೆಂದು ಮಾಡುವ ಕಾಲ್‌ಗಳಲ್ಲಿ ಚೌಕಟ್ಟಿನ ಮೇಲೆ ಗುಮ್ಮಟದಂಥ ಸಣ್ಣ ತಟ್ಟೆಯಿರುವ ಬಗೆಯೊಂದಿದೆ. ಆ ತಟ್ಟೆ ಅಂಗುಳಕ್ಕೆ ತಾಗಿ ನಿಲ್ಲುತ್ತದೆ, ರೀಡಿಗೂ ಅಂಗುಳಕ್ಕೂ ನಡುವೆ ನಿಶ್ಚಿತ ಎಡೆ ಉಳಿಯುತ್ತದೆ. ಕಚಗುಳಿ ತಾಳಲಾರದವರಲ್ಲಿ ಅನೇಕರಿಗೆ ಇದು ಹಿತವೆನಿಸುತ್ತದೆ, ಕಾಲ್ ನಿಂತ ಜಾಗ ಬಿಟ್ಟು ಸರಿಯುವುದೂ ಕಡಿಮೆ. ಆದರೆ ತಟ್ಟೆಯಿಂದ ಒಟ್ಟು ದಪ್ಪ ಹೆಚ್ಚುತ್ತದೆ. ಅಂಗುಳ ಚಪ್ಪಟೆಯಾಗಿರುವವರಿಗೆ ಬಾಯಿ ತುಂಬಿದಂತಾಗಿ ವಾಕರಿಕೆ ಹೆಚ್ಚಿದರೂ ಹೆಚ್ಚಬಹುದು. ಎತ್ತರದ ಅಂಗುಳಕ್ಕೆ ತಟ್ಟೆ, ಚಪ್ಪಟೆ ಅಂಗುಳಕ್ಕೆ ತಟ್ಟೆಯಿಲ್ಲದ ತೆಳು ಕಾಲ್ ಎಂದು ಆರಂಭಿಸಿ ನೋಡಬಹುದು.

ರೀಡಿನ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಟರ್ಕಿ ಕಾಲ್‌ಗಳಲ್ಲಿ ಎರಡು ಮೂರು ರೀಡ್‌ಗಳನ್ನು ಒಂದರ ಮೇಲೊಂದು ಬಿಗಿದು, ಮೇಲಿನದನ್ನು ವಿ ಆಕಾರದಲ್ಲೋ ಬಾವಲಿ ರೆಕ್ಕೆಯ ಆಕಾರದಲ್ಲೋ ಕತ್ತರಿಸಿರುತ್ತಾರೆ. ಮುದಿ ಹೆಣ್ಣು ಟರ್ಕಿಯ ಒರಟು ದನಿ ಬರುವುದು ಅದರಿಂದ. ರೀಡ್ ಹೆಚ್ಚಿದಷ್ಟೂ, ದಪ್ಪವಾದಷ್ಟೂ ಉಸಿರು ಹೆಚ್ಚು ಬೇಕು. ಉಸಿರು ಸಾಲದೆ ಹೊಸಬರು ನಾಲಿಗೆಯ ಬಲ ಹಾಕುತ್ತಾರೆ, ಕಾಲ್ ಹಿಂದಕ್ಕೆ ಜಾರುತ್ತದೆ, ವಾಕರಿಕೆ ಬರುತ್ತದೆ, ತಪ್ಪು ಬಾಯಿಯದೆಂದು ನಂಬುತ್ತಾರೆ. ನೀವು ಕೊಂಡ ಮೂರರ ಕಟ್ಟಿನಲ್ಲಿ ಮೂರು ರೀಡಿನದೊಂದು ಇದ್ದರೆ ಅದನ್ನು ಬದಿಗಿಡಿ. ಒಂದೇ ರೀಡಿನ, ತೆಳುವಾದ, ಕತ್ತರಿಸದ ಕಾಲ್ ಹೆಣ್ಣು ಎಲ್ಕ್‌ನ ಕರೆಗೆ ಧಾರಾಳ ಸಾಕು. ಗಂಡು ಎಲ್ಕ್‌ನ ಕೂಗಾದ ಬ್ಯೂಗಲ್‌ಗೆ ಗಟ್ಟಿ ರೀಡ್ ಹಾಗೂ ಉದ್ದನೆಯ ಕೊಳವೆ ಬೇಕಾಗುತ್ತವೆ. ಮೊದಲ ವರ್ಷ ಅದನ್ನು ನಿಮ್ಮ ಗೆಳೆಯರಿಗೆ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ. ಟರ್ಕಿಗೆ ಎರಡು ತೆಳು ರೀಡಿನದು ಸಾಕು.

ಕಾರು ಓಡಿಸುತ್ತಾ ಅಭ್ಯಾಸ ಮಾಡಿಕೊಳ್ಳಿ ಎಂಬ ಸಲಹೆ ಈ ದೇಶದ ಬೇಟೆಗಾರರಲ್ಲಿ ಬಹಳ ಪ್ರಚಲಿತ. ಸ್ವಲ್ಪ ಸ್ವಲ್ಪವೇ ಒಗ್ಗಿಸಿಕೊಳ್ಳಬೇಕೆಂಬ ತತ್ವ ಸರಿ, ಜಾಗ ತಪ್ಪು. ವಾಕರಿಸುವ ಮನುಷ್ಯ ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿದಿರಬಾರದು. ಮನೆಯಲ್ಲಿ ಕುಳಿತು, ಊದದೆ, ಮೂಗಿನಲ್ಲಿ ನಿಧಾನವಾಗಿ ಉಸಿರಾಡುತ್ತಾ ಬಾಯಲ್ಲಿಟ್ಟುಕೊಳ್ಳಿ. ವಾಕರಿಕೆ ಬರುವ ಮುನ್ನವೇ ತೆಗೆಯಿರಿ, ಬಂದ ಮೇಲಲ್ಲ. ಹೀಗೆ ದಿನಕ್ಕೆ ಹಲವು ಸಲ, ಒಂದೆರಡು ವಾರ. ಎಂಜಲನ್ನು ಮಾಮೂಲಿನಂತೆ ನುಂಗುವುದು ಬಂದ ಮೇಲೆ "ಶ್" ಶುರುಮಾಡಿ. ನಮ್ಮಲ್ಲಿ ಹಲ್ಲುಸೆಟ್ಟಿಗೆ ಒಗ್ಗದವರಿಗೆ ಇದೇ ಕ್ರಮದಲ್ಲಿ ತೆಳು ತಟ್ಟೆಯೊಂದನ್ನು ಕೊಟ್ಟು ಕಳುಹಿಸುವುದುಂಟು. ಮೂಗು ಕಟ್ಟಿದ ದಿನ ಈ ಅಭ್ಯಾಸ ಬೇಡ. ಬಾಯಿಂದ ಉಸಿರಾಡುವವರಿಗೆ ವಾಕರಿಕೆ ಎರಡು ಪಾಲು. ಕೊಲರಾಡೊದಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ರ‍್ಯಾಗ್‌ವೀಡ್, ಸೇಜ್‌ಬ್ರಶ್ ಪರಾಗದಿಂದ ಮೂಗು ಕಟ್ಟುವವರು ಎಷ್ಟು ಮಂದಿ ಎಂಬುದು ನಿಮಗೇ ಗೊತ್ತಿರುತ್ತದೆ. ಹುಳಿತೇಗು, ಎದೆಯುರಿ ಇರುವವರಿಗೂ ಇದೇ ಮಾತು. ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶಿಗೂ ವಾಕರಿಸುವಷ್ಟಿದ್ದರೆ ಮನೆಯ ಅಭ್ಯಾಸದಿಂದ ಹೆಚ್ಚು ನಿರೀಕ್ಷಿಸಬೇಡಿ.

ಮರಗಟ್ಟಿಸುವ ಸ್ಪ್ರೇ ಮಾತ್ರ ಖಂಡಿತ ಬೇಡ. ವಾಕರಿಕೆ ಕಾವಲು ಎಂದೆನಲ್ಲ. ಬಾಯಲ್ಲಿ ಸಡಿಲ ವಸ್ತುವೊಂದನ್ನು ಇಟ್ಟುಕೊಂಡು, ಅದೂ ಬೆಟ್ಟದಲ್ಲಿ, ಆ ಕಾವಲನ್ನೇ ಮಲಗಿಸುವುದು ಉಸಿರುಗಟ್ಟಲು ಆಹ್ವಾನ ಕೊಟ್ಟಂತೆ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಇಂಥ ಸ್ಪ್ರೇಗಳಲ್ಲಿ ಅನೇಕವು ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧ ಇರುವಂಥವು. ಅಪರೂಪಕ್ಕೆ ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಗ್ಗಿಸಿ ತುಟಿ, ಉಗುರು ನೀಲಿಗಟ್ಟುವ ಸ್ಥಿತಿ ತರುತ್ತದೆ. ಉಸಿರುಗಟ್ಟುವ ಅಪಾಯವಿರುವುದರಿಂದಲೇ ಕಾಲ್ ಬಾಯಲ್ಲಿಟ್ಟುಕೊಂಡು ಓಡುವುದು, ಬೆಟ್ಟ ಹತ್ತುವುದು, ಕಾದು ಕುಳಿತಲ್ಲೇ ತೂಕಡಿಸುವುದು ಕೂಡ ಸಲ್ಲದು. ನುಂಗಿದ್ದೀರಿ ಎಂಬ ಅನುಮಾನ ಬಂದರೆ ತುರ್ತು ಚಿಕಿತ್ಸೆಗೆ ಹೋಗಿ, ಒಳಗಿರುವುದು ಅಲ್ಯೂಮಿನಿಯಂ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ. ಈ ಹಗುರ ಲೋಹ ಸಾಮಾನ್ಯ ಎಕ್ಸ್‌-ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ.

ಈಗ ಆ ತುರಿಕೆ. ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಅದರ ಪ್ರೋಟೀನುಗಳಿಗೆ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿಹಣ್ಣುಗಳಿಗೂ ತುರಿಕೆಯಾಗುತ್ತದೆ, ಏಕೆಂದರೆ ಅವುಗಳಲ್ಲಿಯೂ ಹೋಲುವ ಪ್ರೋಟೀನುಗಳಿವೆ. ಹಾಗೆಂದು ನಿಮಗೆ ಲೇಟೆಕ್ಸ್ ಅಲರ್ಜಿಯೇ ಇದೆ ಎಂದು ನಾನು ಇಲ್ಲಿಂದ ಹೇಳಲಾರೆ. ರ‍್ಯಾಗ್‌ವೀಡ್ ಪರಾಗದ ಅಲರ್ಜಿ ಇರುವವರಿಗೂ ಬಾಳೆಹಣ್ಣಿನಿಂದ ಬಾಯಿ ತುರಿಸುವುದುಂಟು, ಲೇಟೆಕ್ಸ್‌ನ ಪಾತ್ರವೇ ಅದರಲ್ಲಿರುವುದಿಲ್ಲ. ಇನ್ನು ಕೆಲವರಿಗೆ ರಬ್ಬರನ್ನು ಹದಮಾಡಲು ಸೇರಿಸುವ ರಾಸಾಯನಿಕಗಳಿಂದ ಒಂದೆರಡು ದಿನ ತಡವಾಗಿ ತುಟಿಯಲ್ಲಿ ದದ್ದು ಏಳುತ್ತದೆ. ಅದು ಕಿರಿಕಿರಿಯೇ ಹೊರತು ಪ್ರಾಣಾಪಾಯವಲ್ಲ. ನಿಮಿಷಗಳೊಳಗೆ ತುರಿಕೆ, ತುಟಿಯ ಊತ, ಉಸಿರಾಟದಲ್ಲಿ ಸುಯ್ಲು ಬಂದರೆ ಅದು ಬೇರೆ ಮತ್ತು ಅಪಾಯದ ಬಗೆ. ಯಾವುದೆಂದು ತಿಳಿಯಲು ಅಲರ್ಜಿ ತಜ್ಞರ ಬಳಿ ರಕ್ತಪರೀಕ್ಷೆಯಾಗಬೇಕು. ಮನೆಯಲ್ಲೇ ಇನ್ನೊಂದು ಸಲ ಬಾಯಿಗಿಟ್ಟು ನೋಡೋಣ ಎನ್ನುವ ಪ್ರಯೋಗ ಮಾಡಬೇಡಿ, ಆಸ್ಪತ್ರೆಯಿಂದ ಗಂಟೆಗಟ್ಟಲೆ ದೂರದ ಕಾಡಿನಲ್ಲಂತೂ ಸುತರಾಂ ಬೇಡ. ಪರೀಕ್ಷೆಯಲ್ಲಿ ಲೇಟೆಕ್ಸ್ ಅಲರ್ಜಿಯೆಂದು ಬಂದರೆ ಈ ಉಪಕರಣವನ್ನು ಬಿಡಬೇಕು; ಪೊಟ್ಟಣದ ಮೇಲೆ ಲೇಟೆಕ್ಸ್ ಇಲ್ಲವೆಂದು ಸ್ಪಷ್ಟವಾಗಿ ಬರೆದಿಲ್ಲದ ಪ್ರತಿಯೊಂದನ್ನೂ ಲೇಟೆಕ್ಸ್ ಎಂದೇ ಎಣಿಸಿ. ನಿಮ್ಮ ದಂತವೈದ್ಯರಿಗೂ ತಿಳಿಸಿ, ಅವರು ಕೈಗವಸು ಬದಲಾಯಿಸಬೇಕಾಗುತ್ತದೆ.

ಮೌತ್ ಕಾಲ್ ಇಲ್ಲದೆ ಬೇಟೆ ಕೈಗೂಡದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಟರ್ಕಿಗೆ ಮರದ ಬಾಕ್ಸ್ ಕಾಲ್ ಇದೆ, ಕಲ್ಲುಹಲಗೆಯ ಮೇಲೆ ಕಡ್ಡಿ ಉಜ್ಜುವ ಪಾಟ್ ಕಾಲ್ ಇದೆ. ಇವುಗಳ ದನಿ ಹೊಸಬರ ಕೈಯಲ್ಲೂ ಚೆನ್ನಾಗಿ ಹೊರಡುತ್ತದೆ. ಬಾಕ್ಸ್ ಕಾಲ್ ಮಳೆಯಲ್ಲಿ ನೆನೆದರೆ ಕೆಲಸಕ್ಕೆ ಬಾರದು; ಎರಡಕ್ಕೂ ಕೈ ಆಡಿಸಬೇಕು, ಟರ್ಕಿಯ ಕಣ್ಣು ಬಲು ಚುರುಕು. ಹಕ್ಕಿ ಹತ್ತಿರವಾಗುವ ಮುನ್ನವೇ ಅದನ್ನು ಕೆಳಗಿಟ್ಟು ಬಂದೂಕು ಹಿಡಿದು ಮೌನವಾಗಿದ್ದರೆ, ಗಂಡು ಕುತೂಹಲದಿಂದ ಹತ್ತಿರ ಬರುವುದುಂಟು. ಎಲ್ಕ್‌ಗೆ ತುಟಿಯಲ್ಲಿ ಕಚ್ಚಿ ಊದುವ, ಗಟ್ಟಿ ಪ್ಲಾಸ್ಟಿಕ್ ನಾಲಿಗೆಯ ತೆರೆದ ರೀಡಿನ ಕಾಲ್ ಸಿಗುತ್ತದೆ, ಅಂಗುಳಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದೇ ಬಗೆಯಲ್ಲಿ ರಬ್ಬರ್ ಪಟ್ಟಿ ಬಿಗಿದವೂ ಇವೆ, ಅಲರ್ಜಿಯವರು ನೋಡಿ ಕೊಳ್ಳಬೇಕು. ಬಿಲ್ಲು ಎಳೆಯುವಾಗ ಕೈ ಖಾಲಿಯಿರಬೇಕೆಂಬ ಸಮಸ್ಯೆಗೆ ಜೋಡಿ ಬೇಟೆಯೇ ಪರಿಹಾರ. ಕರೆಯುವವನು ಬಿಲ್ಲುಗಾರನ ಹಿಂದೆ ಮೂವತ್ತು, ನಲವತ್ತು, ಐವತ್ತು ಗಜ ದೂರ ಕುಳಿತಿರುತ್ತಾನೆ, ದನಿಯನ್ನು ಹುಡುಕಿ ಬರುವ ಗಂಡು ಎಲ್ಕ್ ಬಿಲ್ಲುಗಾರನ ಮುಂದೆ ಹಾಯುತ್ತದೆ. ಇದು ವಾಕರಿಕೆಯವರಿಗೆಂದು ಮಾಡಿದ ರಿಯಾಯಿತಿಯಲ್ಲ, ಅನುಭವಿಗಳೂ ಇಷ್ಟಪಟ್ಟು ಅನುಸರಿಸುವ ಕ್ರಮ.

ಅಲರ್ಜಿಯಿಲ್ಲವೆಂದು ಖಚಿತವಾಗಿ ನೀವು ಮೌತ್ ಕಾಲ್‌ಗೇ ಮರಳಿದರೆ, ಶುಚಿಯ ಬಗ್ಗೆ ಎರಡು ಮಾತು. ಬಳಸಿದ ಮೇಲೆ ತಣ್ಣೀರಿನಲ್ಲಿ ತೊಳೆದು, ರೀಡ್‌ಗಳು ಒಂದಕ್ಕೊಂದು ಅಂಟದಂತೆ ನಡುವೆ ಹಲ್ಲುಕಡ್ಡಿ ತೂರಿಸಿ ಒಣಗಿಸಿ, ಗಾಳಿಯಾಡುವ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಬಿಸಿಲು ಮತ್ತು ಶಾಖ ಲೇಟೆಕ್ಸನ್ನು ಕೊಲ್ಲುತ್ತವೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟದ್ದು ಒಂದು ಬೇಸಿಗೆ ದಾಟದು. ಕಪ್ಪು ಚುಕ್ಕೆ ಕಂಡರೆ ಬೂಷ್ಟು, ಎಸೆಯಿರಿ. ಎಷ್ಟೇ ಆಪ್ತ ಗೆಳೆಯನಾದರೂ ಒಬ್ಬರದನ್ನು ಇನ್ನೊಬ್ಬರು ಬಾಯಿಗಿಡಬಾರದು. ತುಟಿಯ ಹರ್ಪಿಸ್ ಹರಡಲು ಅಷ್ಟು ಸಾಕು. ಯಾರಾದರೂ ಪ್ರೀತಿಯಿಂದ ಅಜ್ಜನ ಕಾಲದ ಕೈಕೆಲಸದ ಕಾಲ್ ಕೊಟ್ಟರೆ ಅದನ್ನು ಗಾಜಿನ ಕಪಾಟಿನಲ್ಲಿಡಿ, ಹಳೆಯವುಗಳಲ್ಲಿ ಸೀಸದ ಚೌಕಟ್ಟು ಬಳಸಿದ್ದುಂಟು. ಅಭ್ಯಾಸದ ದಿನಗಳಲ್ಲಿ ಅಂಗುಳದಲ್ಲಿ ಗಾಯವಾದರೆ ಕಾಲ್ ಬಳಸುವುದನ್ನು ನಿಲ್ಲಿಸಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು, ಅದು ಕಾಲ್‌ನಿಂದಲೇ ಆದದ್ದೆಂದು ನಿಮಗೆ ಎಷ್ಟೇ ಖಾತ್ರಿಯಿರಲಿ, ದಂತವೈದ್ಯರಿಗೆ ತೋರಿಸಿ.